ಬಾಗಿಲಿಲ್ಲದ ಸ್ಥಾನ, ನಾಲ್ಕು ಬಾಗಿಲ ಬಸದಿ

ತುಳುನಾಡಿನಲ್ಲಿ ಬಿದಿರೆಯ ಹೆಸರನ್ನು ಹೊತ್ತ ಎರಡು ಊರುಗಳುಂಟು. ಮೂಡಣ ದಿಕ್ಕಿನದು ಮೂಡುಬಿದಿರೆ. ಪಡುವಣ ಕಡಲ ತಡಿಯದು ಪಡುಬಿದ್ರಿ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಿದೆ. ಅದರ ಇಳಿಜಾರು ಮಾಡುಗಳನ್ನು ಕಂಡ ಪಾಶ್ಚಾತ್ಯ ವಿದ್ವಾಂಸ ಜೇಮ್ಸ್ ಫರ್ಗುಸನ್ ನೇಪಾಳದ ಕಟ್ಟಡಗಳನ್ನು ನೆನೆದನು. ಪಡುಬಿದ್ರಿಯ ಹೆಸರಾಂತ ಸ್ಥಾನದಲ್ಲಾದರೋ ನೆನೆಯುವುದಕ್ಕೆ ಕಟ್ಟಡವೇ ಇಲ್ಲ.

ಅದು ಖಡ್ಗೇಶ್ವರಿ ಬ್ರಹ್ಮಸ್ಥಾನ. ಮರಗಳ ನಡುವಿನ ತಾಣ. ಗರ್ಭಗುಡಿಯಿಲ್ಲ, ಶಿಖರವಿಲ್ಲ, ಬಾಗಿಲಿಲ್ಲ. ಭಕ್ತರಿಗೆ ದೊರೆಯುವ ಪ್ರಸಾದವೂ ಅಲ್ಲಿಯ ಮರಳೇ ಆಗಿದೆ. ಎರಡು ವರ್ಷಗಳಿಗೊಮ್ಮೆ ನಡೆಯುವ ಢಕ್ಕೆಬಲಿಯ ಕಾಲದಲ್ಲಿ ಹಿಂಗಾರ, ಸೀಯಾಳ, ಬಾಳೆಗೊನೆ, ಹೂವುಗಳಿಂದ ಆ ಬಯಲನ್ನೇ ಸಿಂಗರಿಸುತ್ತಾರೆ. ರಾತ್ರಿಯಿಡೀ ಢಕ್ಕೆಯ ನಾದ, ಹಾಡು, ಪಾತ್ರಿಯ ಕುಣಿತ. ಮಂಡಲ ಹಾಕುವುದರಿಂದ ಆರಂಭವಾದದ್ದು ಮಂಡಲ ವಿಸರ್ಜನೆಯಿಂದ ಮುಗಿಯುತ್ತದೆ. ಆ ಬಳಿಕ ಉಳಿಯುವುದು ಮತ್ತೆ ಮರಳು, ಮರಗಳು. ಇದನ್ನು ಬಯಲಾಲಯವೆಂದು ಕರೆಯುವುದು ವಾಡಿಕೆ. ಬಯಲು ಎಂಬ ಪದವನ್ನು ವಚನಗಳಲ್ಲಿ ಕಂಡವರು ಅದನ್ನೂ ಇದನ್ನೂ ಒಂದೇ ಎಂದು ಅವಸರದಿಂದ ಭಾವಿಸಬಾರದು. ಶರಣರ ಬಯಲು ಅನುಭಾವದ ನೆಲೆ. ಇಲ್ಲಿಯದು ನೆಲದ ಮೇಲಿನ ಬಯಲು, ಬೇರೊಂದು ಪರಂಪರೆಯ ನಿಷ್ಠೆ. ಆದರೂ ಕಟ್ಟಬಲ್ಲ ಜನರು ಕಟ್ಟದೆ ಇದ್ದುದು ಸಾಮಾನ್ಯ ಸಂಗತಿಯಲ್ಲ. ಇಲ್ಲಿ ಎದುರು ಯಾವುದು, ಹಿಂದು ಯಾವುದು ಎಂದು ನಿರ್ಣಯಿಸಿ ಜನರನ್ನು ನಿಲ್ಲಿಸುವ ಗೋಡೆಯೊಂದಿಲ್ಲ.

ಪಡುಬಿದ್ರಿಯಿಂದ ಮೂಡಣಕ್ಕೆ ಸಾಗುವ ದಾರಿ ಕಾರ್ಕಳವನ್ನು ಸೇರುತ್ತದೆ. ಅಲ್ಲಿಯ ಬಂಡೆಯೊಂದರ ಮೇಲೆ ಇದೇ ಪ್ರಶ್ನೆಗೆ ತೀರ ಭಿನ್ನವಾದ ಉತ್ತರ ನಿಂತಿದೆ. ಅದೇ ಚತುರ್ಮುಖ ಬಸದಿ. ಜಿನದತ್ತರಾಯನ ವಂಶದವರೆಂದು ಹೇಳಿಕೊಳ್ಳುತ್ತಿದ್ದ ಭೈರರಸರಲ್ಲಿ ಇಮ್ಮಡಿ ಭೈರವನು ಗುರು ಲಲಿತಕೀರ್ತಿಯ ಉಪದೇಶದಂತೆ ಶಕವರ್ಷ 1508ರಲ್ಲಿ, ಎಂದರೆ ಕ್ರಿ.ಶ. 1586ರಲ್ಲಿ ಇದನ್ನು ಕಟ್ಟಿಸಿದನು. ಶಾಸನದಲ್ಲಿ ಇದಕ್ಕೆ ತ್ರಿಭುವನತಿಲಕ ಜಿನಚೈತ್ಯಾಲಯವೆಂಬ ಹೆಸರಿದೆ. ಸರ್ವತೋಭದ್ರ ಎಂಬ ವಿಶೇಷಣವೂ ಇದೆ. ಎಲ್ಲ ಕಡೆಯಿಂದಲೂ ಮಂಗಳವಾದದ್ದು ಎಂಬುದು ಅದರ ತಾತ್ಪರ್ಯ.

ಆ ವಿಶೇಷಣ ಬರಿಯ ಹೊಗಳಿಕೆಯಲ್ಲ. ಚಚ್ಚೌಕವಾದ ಈ ಬಸದಿಗೆ ನಾಲ್ಕು ದಿಕ್ಕಿನಲ್ಲಿಯೂ ಒಂದೇ ತೆರನಾದ ಬಾಗಿಲು, ಒಂದೇ ತೆರನಾದ ಕಂಬಗಳ ಜಗಲಿ. ಒಟ್ಟು ಕಂಬಗಳು 108. ಯಾವ ಬಾಗಿಲಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತರೆಂಬ ಮೂವರು ತೀರ್ಥಂಕರರ ಲೋಹಬಿಂಬಗಳು ಎದುರಾಗುತ್ತವೆ. ಹೀಗೆ ಮೂವರೇ ನಾಲ್ಕು ಬಾರಿ, ಹನ್ನೆರಡು ಬಿಂಬಗಳು. ಪಶ್ಚಿಮದ ಕಡೆಯಲ್ಲಿ ಮಾತ್ರ ಇಪ್ಪತ್ತನಾಲ್ಕು ತೀರ್ಥಂಕರರ ಚಿಕ್ಕ ಬಿಂಬಗಳು ಹೆಚ್ಚಿಗೆ ಇವೆ. ಮೇಲೆ ಶಿಖರವಿಲ್ಲ, ಮಾಡು ಕೂಡ ಕಲ್ಲಿನ ಹಾಸುಗಳದೇ. ಸಾಮಾನ್ಯವಾಗಿ ದೇವಾಲಯದ ಹಿಂಬದಿ ಎಂದರೆ ಪ್ರದಕ್ಷಿಣೆಯಲ್ಲಿ ಸರಿದುಹೋಗುವ ಗೋಡೆ. ಇಲ್ಲಿ ಪ್ರದಕ್ಷಿಣೆ ಮಾಡುವವನಿಗೆ ನಾಲ್ಕು ಬಾರಿಯೂ ದರ್ಶನವಾಗುತ್ತದೆ.

ಈ ಕಟ್ಟಡದ ಹುಟ್ಟಿನ ಬಗೆಗೆ ಕಾರ್ಕಳದಲ್ಲಿ ಒಂದು ಐತಿಹ್ಯವಿದೆ. ಶೃಂಗೇರಿಯ ಗುರುಗಳು ಊರಿಗೆ ಬಂದಾಗ ಅವರ ಆರಾಧನೆಗೆ ಯೋಗ್ಯವಾದ ದೇವಾಲಯವಿರಲಿಲ್ಲವಂತೆ. ಅರಸನು ಬಸದಿಗೆಂದು ಕಟ್ಟಿಸಿದ್ದ ಕಟ್ಟಡದಲ್ಲಿ ಅನಂತಶಯನನನ್ನು ಪ್ರತಿಷ್ಠಾಪಿಸಲು ಒಪ್ಪಿದನಂತೆ. ಇದರಿಂದ ಲಲಿತಕೀರ್ತಿಗಳು ಮುನಿದರು. ಅವರನ್ನು ಸಮಾಧಾನಪಡಿಸಲು ಅದಕ್ಕಿಂತ ಮಿಗಿಲಾದ ಬಸದಿಯನ್ನು ಅರಸನು ಕಟ್ಟಿಸಿದನು. ಐತಿಹ್ಯವನ್ನು ಇತಿಹಾಸವೆಂದು ಹಿಡಿಯಲಾಗದು. ಆದರೆ ಎರಡು ಮತಗಳ ಗುರುಗಳ ನಡುವೆ ಸಿಲುಕಿದ ಅರಸನ ಸಂಕಟವನ್ನು ಜನರು ನಾಲ್ಕು ಬಾಗಿಲ ಕಟ್ಟಡದೊಡನೆ ಜೋಡಿಸಿ ನೆನಪಿಟ್ಟುಕೊಂಡಿದ್ದಾರೆ ಎಂಬುದು ವಿಚಾರಾರ್ಹ. ಅನಂತಶಯನ ದೇವಾಲಯವೂ ಕಾರ್ಕಳದಲ್ಲಿ ಇಂದಿಗೂ ಇದೆ.

ನಾಲ್ಕು ಮೊಗದ ಕಟ್ಟಡದ ಕಲ್ಪನೆ ಕಾರ್ಕಳಕ್ಕೆ ಮಾತ್ರ ಮೀಸಲಲ್ಲ. ರಾಜಸ್ಥಾನದ ರಾಣಕಪುರದಲ್ಲಿ 15ನೆಯ ಶತಮಾನದ ಅಮೃತಶಿಲೆಯ ಚೌಮುಖ ಜಿನಾಲಯವಿದೆ. ಬರ್ಮಾ ದೇಶದ ಬಾಗಾನಿನಲ್ಲಿ ಸುಮಾರು 1105ರ ಆನಂದ ದೇವಾಲಯದೊಳಗೆ ನಾಲ್ವರು ಬುದ್ಧರು ನಾಲ್ಕು ದಿಕ್ಕಿಗೆ ಮುಖಮಾಡಿ ನಿಂತಿದ್ದಾರೆ. ಇನ್ನೂ ಅಚ್ಚರಿಯದು ಇಟಲಿಯ ವಿಚೆನ್ಸಾ ನಗರದ ಹೊರಗಿದೆ. ಆಂದ್ರಿಯಾ ಪಲ್ಲಾಡಿಯೋ ಎಂಬ ಸ್ಥಪತಿ 1560ರ ದಶಕದಲ್ಲಿ ನಿವೃತ್ತ ಪಾದ್ರಿಯೊಬ್ಬನಿಗಾಗಿ ಅಲ್ಲಿಯ ಗುಡ್ಡದ ಮೇಲೆ ರೊಟೊಂಡಾ ಎಂಬ ಮನೆಯನ್ನು ಆರಂಭಿಸಿದನು. ಅದಕ್ಕೂ ನಾಲ್ಕು ಕಡೆ ಒಂದೇ ತೆರನಾದ ಮುಖಮಂಟಪಗಳು, ಒಂದೊಂದಕ್ಕೆ ಆರಾರು ಕಂಬಗಳು. ಸುತ್ತಲಿನ ನೋಟ ಎಲ್ಲ ಕಡೆಯೂ ಸೊಗಸಾಗಿರುವುದರಿಂದ ಹೀಗೆ ಮಾಡಿದೆನೆಂದು ಪಲ್ಲಾಡಿಯೋ 1570ರ ತನ್ನ ಗ್ರಂಥದಲ್ಲಿ ಕಾರಣ ಕೊಟ್ಟಿದ್ದಾನೆ. ಒಂದೇ ತಲೆಮಾರಿನ ಅಂತರದಲ್ಲಿ ಎದ್ದ ಎರಡು ಕಟ್ಟಡಗಳಿವು, ಆಕಾರದಲ್ಲಿ ಅಣ್ಣತಮ್ಮಂದಿರಂತಿವೆ. ಉದ್ದೇಶದಲ್ಲಿ ಮಾತ್ರ ತಿರುವುಮುರುವು. ಅಲ್ಲಿ ನಡುವೆ ನಿಂತವನು ಮನೆಯ ಒಡೆಯ, ನಾಲ್ಕು ಬಾಗಿಲಿಂದ ಹೊರಲೋಕವನ್ನು ನೋಡುತ್ತಾನೆ. ಇಲ್ಲಿ ಹೊರಗಿನ ಜನ ನಾಲ್ಕು ಬಾಗಿಲಿಂದ ನಡುವನ್ನು ನೋಡುತ್ತಾರೆ.

ಭೈರರಸರ ಆಳ್ವಿಕೆ ಬಸದಿಯಷ್ಟು ಬಾಳಲಿಲ್ಲ. 17ನೆಯ ಶತಮಾನದಲ್ಲಿ ಈ ಸೀಮೆ ವೀರಶೈವರಾದ ಕೆಳದಿ ನಾಯಕರ ಅಧೀನವಾಯಿತು. ಅರಸರ ಮತ ಬದಲಾದರೂ ಬಸದಿ ಬಸದಿಯಾಗಿಯೇ ಉಳಿಯಿತು. ಇಂದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ.

ಬಸದಿಯ ಜಗಲಿಯಿಂದ ಕಣ್ಣೆತ್ತಿದರೆ ಎದುರು ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಗೊಮ್ಮಟನು ಕಾಣಿಸುತ್ತಾನೆ. ಅವನಿಗೂ ಮಾಡಿಲ್ಲ, ಮಳೆಗಾಲವೆಲ್ಲ ನೆನೆಯುತ್ತಾನೆ. ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕಕ್ಕೆಂದು ಅವನ ಸುತ್ತ ಅಟ್ಟಳಿಗೆ ಏಳುತ್ತದೆ. 2015ರಲ್ಲಿಯೂ ಎದ್ದಿತ್ತು, ಅಭಿಷೇಕ ಮುಗಿದ ಮೇಲೆ ಅದನ್ನು ಬಿಚ್ಚಿದರು.