ಎರಡು ಹೊಳೆಗಳ ನಡುವೆ ಒಗೆದ ಬಟ್ಟೆ

ರಾಯಚೂರು ಎಂದೊಡನೆ ಇತಿಹಾಸ ಓದಿದವರಿಗೆ 1294ರ ಶಾಸನವನ್ನು ಹೊತ್ತ ಕೋಟೆಯ ಹೆಬ್ಬಂಡೆ ನೆನಪಾಗುತ್ತದೆ; 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಹನನ್ನು ಸೋಲಿಸಿದ ಕಾಳಗ ನೆನಪಾಗುತ್ತದೆ. ಆ ದಂಡುಗಳ ಬಟ್ಟೆಯನ್ನು ಒಗೆದವರು ಯಾರು ಎಂದು ನಾವು ತರಗತಿಯಲ್ಲಿ ಕೇಳುವುದಿಲ್ಲ. ಈಚೆಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು. ಸರಿಯಾದ ಉತ್ತರ ಹೇಳಲಾರದೆ ಮನೆಗೆ ಬಂದೆ. ಹಿತ್ತಲಲ್ಲಿ ನನ್ನಾಕೆ ಬಟ್ಟೆ ಹಿಂಡುತ್ತಿದ್ದಳು. ಈ ಲೇಖನ ಹುಟ್ಟಿದ್ದು ಅಲ್ಲಿ.

ಮೊದಲು ಮಾತಿನಿಂದ ಆರಂಭಿಸುತ್ತೇನೆ; ಕನ್ನಡ ಪಂಡಿತನ ಹಳೆಯ ಚಾಳಿಯೆಂದು ವಾಚಕರು ಕ್ಷಮಿಸಬೇಕು. ಹಳಗನ್ನಡದಲ್ಲಿ ಬಟ್ಟೆ ಒಗೆಯುವವನು ‘ಅಸಗ’. ಒಂಬತ್ತನೆಯ ಶತಮಾನದಲ್ಲಿ ಅದೇ ಹೆಸರಿನ ಕವಿಯೊಬ್ಬನಿದ್ದನು. ಅಕ್ಷರಗಳು ಪಲ್ಲಟವಾಗಿ ‘ಅಸಗ’ ಹೋಗಿ ‘ಅಗಸ’ ಬಂದಿತು. ‘ಮಡಿವಾಳ’ನಲ್ಲಿರುವ ‘ಮಡಿ’ ಎಂದರೆ ಒಗೆದ ಶುಭ್ರವಸ್ತ್ರ. ಮುಟ್ಟಬಾರದ ಆಚಾರದ ಮಡಿಯೂ ಇದೇ ಮಾತು. ಇದರಲ್ಲೊಂದು ವಿಚಿತ್ರವುಂಟು. ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರ ಮೊಸರಕಲ್ಲು ಇರುವ ಈ ಸೀಮೆಯ ಆಚಾರವಂತರ ಮನೆಗಳಲ್ಲಿ, ಮಡಿವಾಳನು ಒಗೆದು ತಂದ ಬಟ್ಟೆ ಮಡಿಯಾಗುತ್ತಿರಲಿಲ್ಲ! ಅದನ್ನು ಮತ್ತೆ ನೀರಿನಲ್ಲಿ ಅದ್ದಿ, ಹಿಂಡಿ, ಕೋಲಿನಿಂದ ಎತ್ತಿ, ಯಾರ ಕೈಗೂ ಎಟುಕದ ಗಳುವಿನ ಮೇಲೆ ಒಣಹಾಕಬೇಕು. ಒಂದೇ ಬಟ್ಟೆಗೆ ಎರಡು ಸಲದ ದುಡಿಮೆ. ಮೊದಲನೆಯದು ಅಗಸಗಿತ್ತಿಯದು, ಎರಡನೆಯದು ಮನೆಯ ಹೆಂಗಸಿನದು. ಹನ್ನೆರಡನೆಯ ಶತಮಾನದಲ್ಲಿ ಶರಣರ ಬಟ್ಟೆಗಳನ್ನು ಒಗೆಯುತ್ತಿದ್ದ ಮಡಿವಾಳ ಮಾಚಯ್ಯನವರು ಆ ಕಾಯಕವನ್ನೇ ದೊಡ್ಡದೆಂದು ಎತ್ತಿ ಹಿಡಿದು ಎಂಟು ಶತಮಾನಗಳಾದರೂ ಗಳು ಕೆಳಗಿಳಿಯಲು ಬಹಳ ಕಾಲ ಹಿಡಿಯಿತು.

ಅಗಸರ ವಿದ್ಯೆಯನ್ನು ನಾವು ಹಗುರವಾಗಿ ಕಂಡಿದ್ದೇವೆ. ಅವರು ಮಾಡುತ್ತಿದ್ದುದು ಬರಿಯ ಕಲ್ಲಿಗೆ ಬಡಿಯುವ ಕೆಲಸವಲ್ಲ. ಮನೆಮನೆಯ ಬಟ್ಟೆ ತಂದೊಡನೆ ಕರಿಗೇರಿನ ರಸದಿಂದ ಅಂಚಿನಲ್ಲಿ ಸಣ್ಣ ಗುರುತು ಹಾಕುವರು. ಅದಕ್ಕೆ ಸುಣ್ಣ ತಾಗಿಸಿದರೆ ಬಟ್ಟೆ ಹರಿದರೂ ಗುರುತು ಹರಿಯದು. ಅಕ್ಷರ ಬಾರದವರು ನೂರು ಮನೆಗಳ ಲೆಕ್ಕವನ್ನು ಹೀಗೆ ಇಡುತ್ತಿದ್ದರು. ಆಮೇಲೆ ಚೌಳುಮಣ್ಣು ಕದಡಿದ ನೀರಿನಲ್ಲಿ ಬಟ್ಟೆಯನ್ನು ಅದ್ದಿ, ಹುರಿಯಂತೆ ತಿರುಚಿ, ನೀರು ಕುದಿಯುವ ದೊಡ್ಡ ಗಡಿಗೆಯ ಬಾಯಿಯ ಸುತ್ತ ಗೋಪುರದಂತೆ ಒಟ್ಟಿ, ಮೇಲೆ ಮುಚ್ಚಿ, ಕೆಳಗೆ ರಾತ್ರಿಯೆಲ್ಲ ಉರಿ ಹಾಕುವರು. ಇದೇ ಉಬ್ಬೆ. ಹಬೆ ಎಳೆ ಎಳೆಯಲ್ಲಿ ಹೊಕ್ಕು ಬರುವುದು. ಬೆಳಗಾದರೆ ಕತ್ತೆಯ ಮೇಲೆ ಹೇರಿಕೊಂಡು ಹೊಳೆಗೆ ಹೊರಡುವುದು. ಚೌಳುಮಣ್ಣಿನಲ್ಲಿರುವುದು ಇಂದು ಅಂಗಡಿಯಲ್ಲಿ ‘ವಾಷಿಂಗ್ ಸೋಡ’ ಎಂದು ಮಾರುವ ಕ್ಷಾರವೇ. ಬಟ್ಟೆಗೆ ಅಂಟಿದ ಎಣ್ಣೆಜಿಡ್ಡು ಈ ಕ್ಷಾರಕ್ಕೂ ಬಿಸಿಗೂ ಸೇರಿ ತಾನೇ ಸಾಬೂನಿನಂತಾಗಿ ಬಿಟ್ಟುಹೋಗುವುದು. ರಸಾಯನಶಾಸ್ತ್ರದ ಹೆಸರು ಕೇಳದವರು ಅದರ ಫಲವನ್ನು ಬಲ್ಲವರಾಗಿದ್ದರು. ಮನೆಯಲ್ಲಿ ಹೆಂಗಸರು ದಿನದ ಬಟ್ಟೆಗೆ ಒಲೆಯ ಬೂದಿಯ ತಿಳಿನೀರನ್ನೂ, ರೇಷ್ಮೆಗೆ ಅಂಟುವಾಳವನ್ನೂ ಬಳಸುತ್ತಿದ್ದುದರ ಗುಟ್ಟೂ ಇದರ ನೆರೆಯದೇ.

ಈ ದುಡಿಮೆಗೆ ಪ್ರತಿಫಲವೇನು? ಸುಗ್ಗಿಯಲ್ಲಿ ಕಣದಿಂದ ಸಿಗುವ ಆಯದ ಜೋಳ. ಉಳಿದ ದಿನ ಬಾಗಿಲಿಗೆ ಬಂದಾಗ ಒಂದೆರಡು ರೊಟ್ಟಿ. ನಾನು ಚಿಕ್ಕವನಿದ್ದಾಗ ಮಾನ್ವಿಯ ನಮ್ಮ ಮನೆಗೆ ಬರುತ್ತಿದ್ದ ಮುದುಕಿ ಇನ್ನೂ ಕಣ್ಣ ಮುಂದಿದ್ದಾಳೆ. ನಮ್ಮಜ್ಜಿ ಕೊಟ್ಟ ಬಟ್ಟೆಗಳ ಲೆಕ್ಕವನ್ನು ಇದ್ದಿಲಿನಿಂದ ಗೋಡೆಯ ಮೇಲೆ ಗೀಚುವಳು. ಒಂದು ವರ್ಷ ಆ ಮುದುಕಿ ಕಟ್ಟೆಯ ಕೆಳಗೆ ನಿಂತು, “ಯಮ್ಮಾ, ಈ ಸಲ ಜ್ವಾಳ ಭಾಳ ಕಡಿಮಿ ಹಾಕ್ಯಾರ್ರೀ” ಎಂದಳು. ಅಜ್ಜಿ, “ಮಳಿನೇ ಇಲ್ಲಲ್ಲ, ಏನ್ ಮಾಡೋದವಾ” ಎಂದಳು. ಅಜ್ಜಿಯ ಮಾತು ಸುಳ್ಳಲ್ಲ. ಆದರೆ ಮಳೆಯಿಲ್ಲದ ವರ್ಷ ನಮ್ಮ ಬಟ್ಟೆ ಕಡಿಮೆಯೇನೂ ಕೊಳೆಯಾಗಿರಲಿಲ್ಲ. ನೀರು ದೂರ ಸರಿದು ಅವಳ ನಡಿಗೆ ಹೆಚ್ಚಾಗಿತ್ತು. ಬಾಣಂತಿಯ ಬಟ್ಟೆ, ಸೂತಕದ ಬಟ್ಟೆ ಅವಳಿಗೇ. ಮದುವೆಯಲ್ಲಿ ನಡೆಮಡಿ ಹಾಸುವುದೂ ಅವರ ಮನೆಯವರೇ. ಹಾಸಿದ ಮಡಿಯ ಮೇಲೆ ನಾವು ನಡೆದೆವು.

1871ರಲ್ಲಿ ಮುಂಬಯಿಯ ಕಡೆಯ ರೈಲುಹಾದಿಯೂ ಮದರಾಸಿನ ಕಡೆಯದೂ ರಾಯಚೂರಿನಲ್ಲಿ ಕೂಡಿದವು. 1888ರಲ್ಲಿ ವಿಲಾಯಿತಿಯ ಸನ್‌ಲೈಟ್ ಸಾಬೂನು ಕಲಕತ್ತೆಯ ಬಂದರಿಗೆ ಬಂದಿತು. 1918ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಸಾಬೂನು ಕಾರ್ಖಾನೆ ಹುಟ್ಟಿತು. ಸಾಬೂನು ಬಂದರೆ ಸಾಕೆ? ನಮ್ಮ ನೀರು ಅದಕ್ಕೆ ಒಗ್ಗಬೇಕಲ್ಲ! ಈ ಸೀಮೆಯ ಎಷ್ಟೋ ಬಾವಿಗಳ ನೀರು ಗಡಸು. ಯಾವ ನೀರಿನಲ್ಲಿ ತೊಗರಿಬೇಳೆ ಬೇಯದೋ ಆ ನೀರಿನಲ್ಲಿ ಸಾಬೂನು ನೊರೆಯಾಗದು, ಒಡೆದ ಹಾಲಿನಂತೆ ಬಿಳಿ ಕರಣೆಯಾಗಿ ಬಟ್ಟೆಗೆ ಅಂಟುವುದು. ಆದ್ದರಿಂದ ಊರಲ್ಲಿ ಬಾವಿ ಇದ್ದರೂ ದೇವದುರ್ಗದ ಕಡೆ ಹೊಳೆಗೆ ಹತ್ತಿರವಿದ್ದ ಹಳ್ಳಿಗಳವರು ಕೃಷ್ಣೆಗೆ, ಮಾನ್ವಿಯ ಕಡೆಯವರು ತುಂಗಭದ್ರೆಗೆ ಹೋಗುತ್ತಿದ್ದರು. ಕೊಪ್ಪರದ ನರಸಿಂಹನ ದರ್ಶನಕ್ಕೆ ಹೋದ ಹೆಂಗಸರು ಬುತ್ತಿಯ ಜೊತೆಗೆ ಬಟ್ಟೆಯ ಗಂಟನ್ನೂ ಒಯ್ದರೆ ನಗಬಾರದು. ಹೊಳೆಯ ಮೆತುನೀರು ಅವರಿಗೆ ಪುಣ್ಯದ ಜೊತೆ ದೊರೆತ ಲಾಭ.

1959ರಲ್ಲಿ ಸರ್ಫ್, 1969ರಲ್ಲಿ ಅಹಮದಾಬಾದಿನಿಂದ ಅಗ್ಗದ ನಿರ್ಮಾ. ಈ ಪುಡಿಗಳು ಗಡಸುನೀರಿಗೆ ಸಾಬೂನಿನಷ್ಟು ಹೆದರುವುದಿಲ್ಲ. ಅದೇ ಕಾಲಕ್ಕೆ ಟೆರಿಲಿನ್ ಬಂದಿತು. ಅದಕ್ಕೆ ಉಬ್ಬೆ ಬೇಡ, ಗಂಜಿ ಬೇಡ. ಬಟ್ಟೆ ಒಗೆಯುವುದು ಸುಲಭವಾಯಿತೆಂದು ಎಲ್ಲರೂ ಹೇಳಿದರು. ನಾನು ಹೇಳುವುದು ಸ್ವಲ್ಪ ಬೇರೆ. ಕೆಲಸ ಅಳಿಯಲಿಲ್ಲ, ಕೈ ಬದಲಾಯಿಸಿತು. ಅಗಸರ ಮನೆಗೆ ಹೋಗುತ್ತಿದ್ದ ಪಂಚೆ, ದುಪ್ಪಟಿ, ಜಮಖಾನಗಳೆಲ್ಲ ನಮ್ಮವ್ವನ ಕಲ್ಲಿಗೆ ಬಂದವು. ಸುಲಭವಾದುದರಿಂದ ದಿನಕ್ಕೊಂದು ಅಂಗಿ ಬೇಕಾಯಿತು. ಅತ್ತ ಅಗಸರ ಮುದುಕಿಯ ಮಕ್ಕಳು ಇಸ್ತ್ರಿ ಪೆಟ್ಟಿಗೆ ಹಿಡಿದು ರಾಯಚೂರಿಗೆ ನಡೆದರು. ಅವರಿಗೆ ಅಲ್ಲಿ ರೊಕ್ಕ ಕೈಗೆ ಸಿಕ್ಕಿತು, ಕಟ್ಟೆಯ ಕೆಳಗೆ ನಿಲ್ಲುವುದು ತಪ್ಪಿತು. ಅದು ಒಳ್ಳೆಯದೇ ಆಯಿತು. ಇತ್ತ ನಮ್ಮವ್ವನ ಸೊಂಟನೋವಿಗೆ ಮಾತ್ರ ಯಾವ ಪುಡಿಯೂ ಮದ್ದಾಗಲಿಲ್ಲ. ಅವಳ ಕಷ್ಟ ಉಜ್ಜುವುದರಲ್ಲಿರಲಿಲ್ಲ, ನೀರು ಹೊರುವುದರಲ್ಲಿತ್ತು.

ಆ ಹೊರೆ ಇಳಿದುದು ಕಾಲುವೆಯಿಂದ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಎಡದಂಡೆ ಕಾಲುವೆ ಬೆಳೆದು ಮಾನ್ವಿ ತಾಲ್ಲೂಕಿಗೆ ಬಂದಾಗ ರೈತರು ಭತ್ತ ಕಂಡರು, ಹೆಂಗಸರು ಒಗೆಯುವ ಮೆಟ್ಟಿಲು ಕಂಡರು. ನಾರಾಯಣಪುರದ ಬಲದಂಡೆ ಕಾಲುವೆಗಾಗಿ ದೇವದುರ್ಗದವರು ಇನ್ನೂ ದಶಕಗಳು ಕಾಯಬೇಕಾಯಿತು. ಬೇಸಗೆಯಲ್ಲಿ ಕಾಲುವೆ ನಿಂತರೆ ಕಥೆ ಮತ್ತೆ ಹಿಂದಿನದೇ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ನಳಗಳು ಹಳ್ಳಿಗಳ ಅಂಗಳಕ್ಕೆ ಬಂದಿವೆ. ನಳದ ಜೊತೆ ನೀರೂ ಬಂದ ಮನೆಯ ಹುಡುಗಿ ಬೆಳಗ್ಗೆ ಕೊಡ ಬಿಟ್ಟು ಪುಸ್ತಕ ಹಿಡಿಯುವಳೆಂಬುದನ್ನು ನನ್ನ ಹಾಜರಿ ಪುಸ್ತಕ ಬಲ್ಲದು.

ನಿಮ್ಮ ಮನೆಯ ನೀರು ಗಡಸಾಗಿದ್ದರೆ ಒಂದು ಮಾತು. ಹತ್ತಿಯ ಬಟ್ಟೆಗೆ ಮೊದಲು ನೀರಿಗೆ ಒಂದಿಷ್ಟು ವಾಷಿಂಗ್ ಸೋಡ ಕರಗಿಸಿ, ತುಸು ಹೊತ್ತು ಬಿಟ್ಟು, ಆಮೇಲೆ ಸಾಬೂನು ಹಾಕಿರಿ; ರೇಷ್ಮೆಗೆ, ಉಣ್ಣೆಗೆ ಇದನ್ನು ಮುಟ್ಟಿಸಬೇಡಿರಿ. ಅಂಗಿಯ ಕೊರಳಪಟ್ಟಿಗೆ ಮೊದಲೇ ಸಾಬೂನು ಸವರಿ ರಾತ್ರಿ ನೆನೆಯಿಟ್ಟರೆ ಬೆಳಗ್ಗೆ ತೋಳಿನ ಕೆಲಸ ಅರ್ಧವಾಗುವುದು. ಬಿಳಿಯ ಬಟ್ಟೆ ಜಾಲಿಸಿದ ನೀರು ಬಣ್ಣದ್ದಕ್ಕೆ, ಅದು ಅಂಗಳಕ್ಕೆ. ಇವುಗಳಲ್ಲಿ ನನ್ನ ಸ್ವಂತದ್ದು ಒಂದೂ ಇಲ್ಲ. ಕ್ಷಾರವೂ ಕಾಯುವುದೂ ಉಬ್ಬೆಯವರದು, ನೀರಿನ ಲೆಕ್ಕ ನಮ್ಮವ್ವನದು.

ನಮ್ಮ ಮನೆಗೂ ಒಗೆಯುವ ಯಂತ್ರ ಬಂದಿದೆ. ಕಳೆದ ಬೇಸಗೆಯಲ್ಲಿ ನಳದ ನೀರು ತಪ್ಪಿದ ಒಂದು ವಾರ ಅದರ ಮೇಲೆ ಹಳೆಯ ಸೀರೆಯ ತುಂಡು ಹೊದಿಸಿದ್ದೆವು. ಎಂಟನೆಯ ದಿನ ನಸುಕಿನಲ್ಲಿ ನಳ ಗೊರಗೊರ ಎಂದಿತು. ನನ್ನಾಕೆ ಯಂತ್ರದ ಕಡೆ ನೋಡದೆ ಮೊದಲು ಕೊಡಗಳ ಕಡೆಗೆ ಓಡಿದಳು. ನಾನೂ ಎದ್ದು ಇನ್ನೊಂದು ಕೊಡ ಹಿಡಿದೆ.