ಮಡೆ ತಿರುಗಿಸುವವನ ಬೆಳಕು

ಮಂಡ್ಯ ಸೀಮೆಯ ನೀರಾವರಿ ಚರಿತ್ರೆಯಲ್ಲಿ ಅಣೆಕಟ್ಟೆಗೂ ಇಂಜಿನಿಯರುಗಳಿಗೂ ಬೇಕಾದಷ್ಟು ಪುಟಗಳಿವೆ. ರಾತ್ರಿ ಹೊತ್ತು ಆ ನೀರನ್ನು ಗದ್ದೆಗೆ ತಿರುಗಿಸಿದವನ ಕೈಯಲ್ಲಿ ಏನಿತ್ತು ಎಂಬುದಕ್ಕೆ ಒಂದು ಸಾಲೂ ಸಿಗುವುದು ಕಷ್ಟ. ಕೆ.ಆರ್.ಪೇಟೆಯಲ್ಲಿ ನಮ್ಮಪ್ಪನದು ಸೈಕಲ್ ಶಾಪು. ಟ್ಯೂಬು, ಪಂಚರ್ ಸೊಲ್ಯೂಷನ್ ಜೊತೆಗೆ ಬ್ಯಾಟರಿ, ಅಂದರೆ ಟಾರ್ಚಿನ, ಬಲ್ಬೂ ಮಾರುತ್ತಿದ್ದೆವು. ಹಾಗಾಗಿ ಆ ಕೈಯಲ್ಲಿ ಏನಿತ್ತೆಂದು ನಾನು ಬಲ್ಲೆ.

ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಜ ಒಡೆಯರ ಕಾಲದಿಂದ, ಅಂದರೆ 17ನೇ ಶತಮಾನದಿಂದಲೂ ನಾಲೆ ನೀರಿದೆ. ನಮ್ಮ ಕಡೆ ಹೇಮಾವತಿಗೆ ಮಂದಗೆರೆ ಅಣೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ, 1930ರ ದಶಕದಲ್ಲಿ ಇರ್ವಿನ್ ನಾಲೆ ಹರಿದ ಮೇಲೆ, ಆಗಿನ್ನೂ ಫ್ರೆಂಚ್ ರಾಕ್ಸ್ ಎನ್ನಿಸಿಕೊಳ್ಳುತ್ತಿದ್ದ ಪಾಂಡವಪುರದ ಕಡೆಯ ಹೊಲಗಳೂ ಗದ್ದೆಯಾದವು. ನೀರಿನ ಸರದಿಗೆ ಹಗಲು ರಾತ್ರಿ ಎಂಬುದಿಲ್ಲ. ನೀರುಗಂಟಿ ತೂಬು ಎತ್ತಿದಾಗ ಎದ್ದು ಹೋಗಿ ಮಡೆ ತಿರುಗಿಸದಿದ್ದರೆ ನಿಮ್ಮ ಪಾಲಿನ ನೀರು ಪಕ್ಕದವನ ಪಾಲಾಯಿತು. ಬದುವಿನ ಮೇಲೆ ಕೊಳಕುಮಂಡಲ ಮಲಗುವುದೂ ಅದೇ ಹೊತ್ತಿಗೆ.

ಮೊದಲು ಕೊಳ್ಳಿ, ಆಮೇಲೆ ಲಾಟೀನು. ಲಾಟೀನಿನ ಬೆಳಕು ಕಾಲ ಬುಡದಲ್ಲೇ ಸುತ್ತುತ್ತದೆ, ನಾಲ್ಕು ಮಾರು ಆಚೆಗಿನದು ಕಾಣುವುದಿಲ್ಲ; ಗುದ್ದಲಿ ಹಿಡಿದ ಕೈಗೆ ಅದೊಂದು ಹೊರೆ ಬೇರೆ. ಇದೇ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿದ್ದರೂ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ನಮ್ಮ ಹಳ್ಳಿಗಳ ಮನೆಗೆ ಅದು ಬಂದದ್ದು ಎಷ್ಟೋ ದಶಕಗಳ ನಂತರ. ಗದ್ದೆಯ ಬದುವಿಗಂತೂ ಇಂದಿಗೂ ಬಂದಿಲ್ಲ. ಹಾಗಾಗಿ ನಮ್ಮ ರೈತನಿಗೆ ಸಿಕ್ಕ ಮೊದಲ ಸ್ವಂತ ವಿದ್ಯುತ್ ದೀಪ ಬ್ಯಾಟರಿಯೇ ಎಂದು ನಾನು ನಂಬುತ್ತೇನೆ.

1899ರಲ್ಲಿ ಅಮೆರಿಕದಲ್ಲಿ ಡೇವಿಡ್ ಮಿಸೆಲ್ ಎಂಬಾತನ ಹೆಸರಿನಲ್ಲಿ ಪೇಟೆಂಟ್ ಆದ ವಸ್ತು ಅದು. ನಮ್ಮ ಕಾಲಕ್ಕೆ ಎವರೆಡಿ ಬ್ಯಾಟರಿ ಲಕ್ನೋದಿಂದ, ಜೀಪ್ ಬ್ಯಾಟರಿ ಅಲಹಾಬಾದಿನಿಂದ ಬರುತ್ತಿತ್ತು. ಎವರೆಡಿ ಆಗ ಯೂನಿಯನ್ ಕಾರ್ಬೈಡಿನದು. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತದ ಸುದ್ದಿ ರೇಡಿಯೋದಲ್ಲಿ ಬಂದಾಗ, ಅದೇ ಕಂಪನಿಯ ಸೆಲ್ಲುಗಳು ನಮ್ಮ ಬೀರುವಿನಲ್ಲಿದ್ದವು. ಅಪ್ಪ ಅವತ್ತು ಬಹಳ ಹೊತ್ತು ಮಾತಾಡಲಿಲ್ಲ.

ಹಿತ್ತಾಳೆ ಕೆಲಸಕ್ಕೆ ಹೆಸರಾದ ನಾಗಮಂಗಲದ ಕಡೆಯವರು ಬ್ಯಾಟರಿ ಕೊಳ್ಳುವಾಗ ಉಗುರಿನಲ್ಲಿ ತಟ್ಟಿ ತಗಡಿನ ದಪ್ಪ ನೋಡುತ್ತಿದ್ದರು. ಅಂಥ ಕೊಳವೆ ಒಂದು ತಲೆಮಾರು ಬಾಳುತ್ತಿತ್ತು. ಕೆಡುತ್ತಿದ್ದದ್ದು ಬಲ್ಬು ಮಾತ್ರ.

ಆ ಬಲ್ಬನ್ನು ಹತ್ತಿರದಿಂದ ನೋಡಬೇಕು. ಕಡಲೆಕಾಳಿನಷ್ಟು ಗಾಜು, ಒಳಗೆ ಎರಡು ತಂತಿಯನ್ನು ಹಿಡಿದು ನಿಲ್ಲಿಸುವ ಪುಟ್ಟ ಗಾಜಿನ ಮಣಿ, ತಂತಿಗಳ ತುದಿಗೆ ಕೂದಲಿಗಿಂತ ಸಣ್ಣ ಟಂಗ್‌ಸ್ಟನ್ ಎಳೆ. ಕೆಳಗಿನ ತಿರುಪಿನ ಅಂಚಿನಲ್ಲಿ 2.5 ಅಥವಾ 3.8 ಎಂದು ಒತ್ತಿರುತ್ತದೆ, ಓರೆಯಾಗಿ ಬೆಳಕಿಗೆ ಹಿಡಿದರೆ ಮಾತ್ರ ಓದಬಹುದು. ಒಂದು ಸೆಲ್ಲಿಗೆ 1.5 ವೋಲ್ಟು. ಎರಡು ಸೆಲ್ಲಿನದಕ್ಕೆ 2.5, ಮೂರರದಕ್ಕೆ 3.8. ಅದಲುಬದಲಾದರೆ ಒಂದು ಫಳ್ಳನೆ ಉರಿದು ಬೇಗ ಸುಟ್ಟುಹೋಗುತ್ತದೆ, ಇನ್ನೊಂದು ಕೆಂಪಗೆ ಮಿಣುಕುತ್ತದೆ. ಅದಕ್ಕೇ ಅಪ್ಪನ ಮೊದಲ ಪ್ರಶ್ನೆ, "ಎಷ್ಟ್ ಶೆಲ್ಲಿಂದು ಗೌಡ್ರೇ?" ಉತ್ತರ ಬಂದರೂ ರಟ್ಟಿನ ಡಬ್ಬದಿಂದ ಬಲ್ಬು ತೆಗೆದು ಸೆಲ್ಲಿನ ಮೇಲಿಟ್ಟು, ತಂತಿ ಮುಟ್ಟಿಸಿ ಉರಿಸಿ ತೋರಿಸದೆ ಕೊಡುತ್ತಿರಲಿಲ್ಲ. ಒಂದೆರಡು ರೂಪಾಯಿಯ ಮಾತು. ಕಿಕ್ಕೇರಿ, ಅಕ್ಕಿಹೆಬ್ಬಾಳಿನಿಂದ ಸಂತೆಗೆ ಬಂದವರು ಎರಡು ಒಯ್ಯುತ್ತಿದ್ದರು. ಎರಡನೆಯದು ಬ್ಯಾಟರಿಯ ಹಿಂದಿನ ಮುಚ್ಚಳದೊಳಗೆ, ನಡುರಾತ್ರಿ ಕೈಕೊಟ್ಟರೆ ಇರಲಿ ಅಂತ.

ಬಡವನ ಕೈಗೆ ಬೆಳಕನ್ನು ಉಳಿಸಿಕೊಟ್ಟದ್ದು ಈ ಅಗ್ಗದ ಬಿಡಿಭಾಗ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಈಗ ಅದು ಇಲ್ಲ. ಪಂಪ್‌ಸೆಟ್ಟಿನ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ನಾಗಮಂಗಲದಲ್ಲಿ, ಕಬ್ಬಿನೊಳಗೆ ಚಿರತೆ ಸೇರುವ ಪಾಂಡವಪುರದಲ್ಲಿ ಬೆಳಕು ಮೊದಲಿಗಿಂತ ಹೆಚ್ಚೇ ಬೇಕು. ಅಂಗಡಿಯಲ್ಲಿ ಸಿಗುವುದು ಪ್ಲಾಸ್ಟಿಕ್ಕಿನ ಚಾರ್ಜಿಂಗ್ ಎಲ್‌ಇಡಿ. ಬೆಳಕು ಜೋರು, ನಿಜ. ಒಳಗಿನದು ಒಂದು ಕೆಟ್ಟರೆ ಇಡೀ ಬ್ಯಾಟರಿಯೇ ತಿಪ್ಪೆಗೆ.

ಆದರೆ ಹಳೆಯ ತಿರುಪಿಗೇ ಕೂರುವ ಎಲ್‌ಇಡಿ ಬಲ್ಬುಗಳೂ ಬಂದಿವೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಬಹುದು. ಅಟ್ಟದ ಮೇಲೆ ಹಿತ್ತಾಳೆ ಬ್ಯಾಟರಿ ಇದ್ದರೆ ಗುಜರಿಗೆ ಹಾಕುವ ಮುಂಚೆ ಒಂದು ತಂದು ಹಾಕಿ ನೋಡಿ. ಬಿಳಿ ಎಲ್‌ಇಡಿಗೆ ಹತ್ತಿರಹತ್ತಿರ 3 ವೋಲ್ಟು ಬೇಕು, ಆದ್ದರಿಂದ ಎಷ್ಟು ಸೆಲ್ಲಿನದೆಂದು ಹೇಳಿ ಕೇಳಿ. ಹಳೆಯ ಎಳೆಗೆ ಸೆಲ್ಲು ಹಿಂದುಮುಂದಾದರೂ ನಡೆಯುತ್ತಿತ್ತು, ಇದಕ್ಕೆ ನಡೆಯುವುದಿಲ್ಲ. ಹೊತ್ತಲಿಲ್ಲವೆಂದು ಬಲ್ಬನ್ನು ಎಸೆಯುವ ಮೊದಲು ಸೆಲ್ಲುಗಳನ್ನು ತಿರುಗಿಸಿ ಹಾಕಿ.