ಸೇರು ಹೋಯಿತು, ಗುಂಟೆ ಉಳಿಯಿತು

‘ಸೇರಿಗೆ ಸವಾಸೇರು’ ಎಂಬ ಮಾತು ನಮ್ಮ ಭಾಗದಲ್ಲಿ ಗೊತ್ತಿಲ್ಲದವರಿಲ್ಲ. ಆದರೆ ಒಂದು ಸೇರು ಎಂದರೆ ಎಷ್ಟು ಗ್ರಾಂ ಎಂದು ಕೇಳಿದರೆ ಇಂದಿನ ಮಕ್ಕಳು ಮುಖ ಮುಖ ನೋಡುತ್ತಾರೆ. ಅದೇ ಮಕ್ಕಳಿಗೆ ‘ನಿಮ್ಮ ಹೊಲ ಎಷ್ಟು?’ ಎಂದರೆ ‘ಮೂರು ಎಕರೆ ಹನ್ನೆರಡು ಗುಂಟೆ’ ಎಂದು ಥಟ್ಟನೆ ಹೇಳುತ್ತಾರೆ. ಹೆಕ್ಟೇರಿನಲ್ಲಿ ಹೇಳುವವರು ಸಿಗುವುದು ಕಷ್ಟ. ಮೆಟ್ರಿಕ್ ಪದ್ಧತಿ ಸಂತೆಯಲ್ಲಿ ಗೆದ್ದು ಹೊಲದಲ್ಲಿ ಸೋತದ್ದೇಕೆ?

ಸ್ವಾತಂತ್ರ್ಯಕ್ಕೆ ಮೊದಲು ಇಂದಿನ ಗದಗ ಜಿಲ್ಲೆ ಒಂದೇ ಆಡಳಿತದಲ್ಲಿರಲಿಲ್ಲ. ಗದಗ ಮತ್ತು ಮುಂಡರಗಿ ಮುಂಬೈ ಪ್ರಾಂತದಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಸರಕಾರದ ಸೇರಿಗೆ 80 ತೊಲೆ, ಅಂದರೆ ಸುಮಾರು 933 ಗ್ರಾಂ. ಆದರೆ ದೇಶದುದ್ದಕ್ಕೂ ಪೇಟೆಯಿಂದ ಪೇಟೆಗೆ ಸೇರು, ಮಣಗಳು ಬದಲಾಗುತ್ತಿದ್ದವು. ತೂಗುವ ಸೇರು ಬೇರೆ, ಅಳೆಯುವ ಸೇರು ಬೇರೆ. ಕಾಳು ತಂದ ರೈತನಿಗೆ ದರ ಗೊತ್ತಿದ್ದರೂ ಅಳತೆ ಕೊಳ್ಳುವವನ ಕೈಯಲ್ಲಿತ್ತು.

ಈ ಗೊಂದಲ ನೀಗಿಸಲು 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯಿದೆ ಬಂತು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆಯಾಯಿತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಬಂದ ಮೆಟ್ರಿಕ್ ತೂಕ 1962ರ ಹೊತ್ತಿಗೆ ದೇಶಕ್ಕೆಲ್ಲ ಕಡ್ಡಾಯವಾಯಿತು. ಜನರ ಕಷ್ಟ ಸುಳ್ಳಲ್ಲ. ಹದಿನಾರನ್ನು ಎಂಟು, ನಾಲ್ಕು, ಎರಡು, ಒಂದು ಎಂದು ಅರ್ಧರ್ಧ ಮಾಡುತ್ತ ಹೋಗಬಹುದು. ಹತ್ತು ಐದಕ್ಕೇ ನಿಲ್ಲುತ್ತದೆ. ಒಂದು ಆಣೆ ಆರೂಕಾಲು ಪೈಸೆಯಾದಾಗ ಆ ಕಾಲು ಪೈಸೆ ಕೊಡುವವನದೋ ಕೊಳ್ಳುವವನದೋ? ಆದರೂ ತೂಕ ಬೇಗ ಬದಲಾಯಿತು. ಹಳೆಯ ಕಲ್ಲು ಇಟ್ಟು ತೂಗುವುದು ಅಪರಾಧವಾಯಿತು. ಮೇಲಾಗಿ, ಇಂದು ಕೊಂಡ ಜೋಳ ನಾಳೆ ರೊಟ್ಟಿಯಾಗಿ ತೀರುತ್ತದೆ. ಅದರ ಲೆಕ್ಕ ಮೊಮ್ಮಕ್ಕಳ ತನಕ ಉಳಿಯುವುದಿಲ್ಲ.

ಹೊಲದ ಲೆಕ್ಕ ಉಳಿಯುತ್ತದೆ. ಒಂದು ಕೂರಿಗೆಯಿಂದ ಒಂದು ದಿನಕ್ಕೆ ಬಿತ್ತಬಹುದಾದಷ್ಟು ನೆಲವನ್ನು ‘ಕೂರಿಗಿ ಹೊಲ’ ಎಂದು ಲೆಕ್ಕ ಹಾಕುತ್ತಿದ್ದ ನಾಡಿನಲ್ಲಿ ಬ್ರಿಟಿಷರ ಮೋಜಣಿ 33 ಅಡಿಯ ಸರಪಳಿ ಎಳೆಯಿತು. ಉದ್ದಗಲ ಒಂದೊಂದು ಸರಪಳಿಯಾದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಗುಂಟೆಗೆ ಹದಿನಾರು ಆಣೆ. ಖರೀದಿ ಪತ್ರ, ವಾಟಣಿ ಪತ್ರಗಳೆಲ್ಲ ಈ ಲೆಕ್ಕದಲ್ಲೇ ಬರೆದವು. ಮೂರು ಎಕರೆ ಹನ್ನೆರಡು ಗುಂಟೆಯನ್ನು ನಾಲ್ವರು ಅಣ್ಣತಮ್ಮಂದಿರು ಹಂಚಿಕೊಂಡರೆ ತಲೆಗೆ ಸರಿಯಾಗಿ 33 ಗುಂಟೆ. ಅದನ್ನೇ 1.3355 ಹೆಕ್ಟೇರ್ ಎಂದು ಬರೆದು ಹಂಚಿದರೆ ಒಬ್ಬನಿಗಾದರೂ ಅನುಮಾನ ಉಳಿಯದೆ ಇರದು. ಬಾಂದಿನ ಜಗಳ ನೋಡಿದವರಿಗೆ ಆ ಅನುಮಾನದ ಬೆಲೆ ಗೊತ್ತು.

ಹಾಗೆಂದು ಜನರ ಹಟವನ್ನೇ ದೂರಬಾರದು. ಉತಾರಗಳನ್ನು ‘ಭೂಮಿ’ ಯೋಜನೆಯಲ್ಲಿ ಗಣಕಕ್ಕೆ ಏರಿಸಿದಾಗಲೂ ನಮ್ಮ ಸರಕಾರ ಎಕರೆ, ಗುಂಟೆಗಳನ್ನೇ ಉಳಿಸಿತು. ಒಂದು ಕಾಲಕ್ಕೆ ಶಿರಹಟ್ಟಿ, ಲಕ್ಷ್ಮೇಶ್ವರಗಳನ್ನು ಆಳಿದ ಸಾಂಗ್ಲಿ, ಮಿರಜಗಳಲ್ಲಿ ಇಂದು ಸಾತ್‌ಬಾರಾ ಉತಾರ ಹೆಕ್ಟೇರ್, ಆರ್‌ಗಳಲ್ಲಿ ಬರುತ್ತದೆ. ಕಾಗದ ಬದಲಾದ ಕಡೆ ಅಳತೆ ಬದಲಾಗಿದೆ.

ಹೊರದೇಶಗಳ ಕಥೆಯೂ ಇದೇ. ಮೀಟರಿನ ತವರಾದ ಫ್ರಾನ್ಸಿನಲ್ಲೇ ಜನ ಒಪ್ಪದೆ 1812ರಲ್ಲಿ ನೆಪೋಲಿಯನ್ ಹಳೆಯ ಹೆಸರಿನ ಅಳತೆಗಳಿಗೆ ಮತ್ತೆ ಅವಕಾಶ ಕೊಟ್ಟ. 1840ರಲ್ಲಿ ಮೆಟ್ರಿಕ್ ಪುನಃ ಕಡ್ಡಾಯವಾಯಿತು. ಅಮೆರಿಕ 1975ರಲ್ಲಿ ಕಾಯಿದೆ ಮಾಡಿ ಬದಲಾವಣೆಯನ್ನು ಜನರ ಇಚ್ಛೆಗೆ ಬಿಟ್ಟಿತು. ಅಲ್ಲಿ ಇಂದಿಗೂ ಮೈಲು, ಪೌಂಡುಗಳೇ ನಡೆಯುತ್ತವೆ. ನಮ್ಮ ದೇಶದ ಹತ್ತಿ ವ್ಯಾಪಾರದಲ್ಲಿ ಕೂಡ 784 ಪೌಂಡಿನ ಖಂಡಿ 356 ಕಿಲೋ ಎಂಬ ಹೊಸ ವೇಷದಲ್ಲಿ ಬದುಕಿದೆ.

ಆದರೆ ಈ ಎರಡು ಲೆಕ್ಕಗಳ ನಡುವೆ ಸಿಕ್ಕಿಕೊಳ್ಳುವವನು ರೈತ. ಅವನ ಉತಾರ ಎಕರೆಯಲ್ಲಿ. ಬೆಳೆ ವಿಮೆ, ಬೆಳೆ ಪರಿಹಾರದ ದರ ಹೆಕ್ಟೇರಿನಲ್ಲಿ. ಒಂದು ಹೆಕ್ಟೇರ್ ಎಂದರೆ ಹತ್ತಿರ ಹತ್ತಿರ ಎರಡು ಎಕರೆ ಹತ್ತೊಂಬತ್ತು ಗುಂಟೆ. ಇದು ತಿಳಿಯದಿದ್ದರೆ ಬಂದ ಹಣ ಸರಿಯೋ ತಪ್ಪೋ ಎಂದು ನೋಡಲು ಅವನು ಮತ್ತೊಬ್ಬರ ಮುಂದೆ ನಿಲ್ಲಬೇಕು. ಅಂದು ಸಂತೆಯಲ್ಲಿ ಅವನ ಅಜ್ಜ ನಿಂತದ್ದೂ ಹೀಗೆಯೇ. ಈ ಒಂದು ಲೆಕ್ಕವನ್ನು ನಮ್ಮ ಶಾಲೆಯ ಪ್ರತಿಯೊಂದು ಮಗುವೂ ಮನೆಯ ಉತಾರ ಮುಂದಿಟ್ಟುಕೊಂಡು ಮಾಡಲು ಕಲಿತರೆ, ಕಲಿತ ಗಣಿತ ಮನೆಗೂ ಆಸರೆಯಾದೀತು.